ಜರ್ಮನಿಯಲ್ಲಿ ಕುಟುಂಬವೊಂದರ ಜೊತೆಗಿದ್ದು ಓದುವವರಿಗೆ ಮನೆವಾರ್ತೆಯ ಕೆಲವು ಮಾತು

ಜರ್ಮನಿಗೆ ಓದಲು ಹೋದ ಮಕ್ಕಳು ವಿದ್ಯಾರ್ಥಿನಿಲಯದಲ್ಲಿ ಜಾಗ ಸಿಗದೆಯೋ, ಭಾಷೆ ಬೇಗ ನಾಲಗೆಗೆ ಹತ್ತಲಿ ಎಂಬ ಆಸೆಯಿಂದಲೋ ಅಲ್ಲಿನ ಕುಟುಂಬವೊಂದರ ಮನೆಯಲ್ಲಿ ಕೋಣೆ ಹಿಡಿಯುವುದುಂಟು. ನಾನೂ ಹಾಗೆಯೇ ಟ್ಯೂಬಿಂಗನ್ನಿನಲ್ಲಿ, ನಮ್ಮ ಕನ್ನಡ ನಿಘಂಟಿನ ಕಿಟೆಲ್ ಅವರು 1903ರಲ್ಲಿ ಕಣ್ಣು ಮುಚ್ಚಿದ ಆ ಊರಿನಲ್ಲಿ, ವಯಸ್ಸಾದ ದಂಪತಿಗಳ ಮನೆಯ ಮಹಡಿ ಕೋಣೆಯಲ್ಲಿ ಎರಡು ವರ್ಷ ಇದ್ದವಳು. ಅಲ್ಲಿನ ಮನೆಗಳಲ್ಲಿ ನಿಯಮ ಬಹಳ ಎಂದು ಹೋದವರೆಲ್ಲ ಹೇಳುತ್ತಾರೆ. ಆದರೆ ಆ ನಿಯಮಗಳಲ್ಲಿ ಹೆಚ್ಚಿನವು ಚಳಿಯಿಂದ, ಗೋಡೆ ಕಟ್ಟಿದ ರೀತಿಯಿಂದ, ನೆರೆಹೊರೆಯ ಒಪ್ಪಂದದಿಂದ ಹುಟ್ಟಿದವು. ಕಾರಣ ತಿಳಿದುಕೊಂಡರೆ ಅವು ಭಾರವೆನಿಸುವುದಿಲ್ಲ, ನಿಮ್ಮನ್ನು ಮಾತ್ರ ತಿದ್ದುತ್ತಿದ್ದಾರೆ ಎಂಬ ನೋವೂ ಆಗುವುದಿಲ್ಲ.

ಊರಿನಿಂದ ಹೊರಡುವಾಗ ಅಮ್ಮ ಕಟ್ಟಿಕೊಡುವ ತುಪ್ಪವನ್ನು ಮನೆಯಲ್ಲಿಯೇ ಬಿಡಿ. ಐರೋಪ್ಯ ಒಕ್ಕೂಟದ ಹೊರಗಿನಿಂದ ಬರುವವರು ಸಾಮಾನಿನಲ್ಲಿ ಹಾಲಿನ ಪದಾರ್ಥಗಳನ್ನು ತರುವಂತಿಲ್ಲ. ಹಸಿ ಕರಿಬೇವಿಗೂ ಸಸ್ಯ ಆರೋಗ್ಯದ ಪ್ರಮಾಣಪತ್ರ ಬೇಕಾಗುತ್ತದೆ. ಚಟ್ನಿಪುಡಿ, ಸಾರಿನ ಪುಡಿ ಸಾಕು. ಮನೆಯವರಿಗೆ ಉಡುಗೊರೆಯಾಗಿ ಗಂಧದ ಸೋಪು, ಚನ್ನಪಟ್ಟಣದ ಬಣ್ಣದ ಗೊಂಬೆ, ಇಂಥ ಚಿಕ್ಕ ವಸ್ತುವೇ ಚೆನ್ನು. ಬೆಲೆಬಾಳುವುದನ್ನು ಕೊಟ್ಟರೆ ಅವರಿಗೆ ಮುಜುಗರವಾಗುತ್ತದೆ.

ಹೋದ ಮೊದಲ ವಾರದಲ್ಲಿಯೇ ಮನೆಯವರಿಂದ ಒಂದು ಕಾಗದ ಕೇಳಿ ಪಡೆಯಬೇಕು. ನೀವು ಅವರಲ್ಲಿ ವಾಸವಿದ್ದೀರಿ ಎಂದು ಅವರು ಸಹಿ ಮಾಡಿ ಕೊಡುವ ಆ ದೃಢೀಕರಣವನ್ನು ಹಿಡಿದು, ಮನೆ ಸೇರಿದ ಎರಡು ವಾರದೊಳಗೆ ಊರಿನ ಕಚೇರಿಯಲ್ಲಿ ವಿಳಾಸ ನೋಂದಾಯಿಸಬೇಕೆಂಬುದು ಕಾನೂನು. ಇದಕ್ಕೆ ಅಲ್ಲಿ ಆನ್‌ಮೆಲ್ಡುಂಗ್ ಎನ್ನುತ್ತಾರೆ. ವಾಸದ ಪರವಾನಗಿಯಂಥ ಮುಂದಿನ ಕೆಲಸಗಳಿಗೆಲ್ಲ ಇದೇ ಮೊದಲ ಮೆಟ್ಟಿಲು. ಕೇಳಲು ಸಂಕೋಚಪಟ್ಟು ದಿನ ಕಳೆಯಬೇಡಿ. ಬಾಡಿಗೆಯಲ್ಲಿ ವಿದ್ಯುತ್ತು, ಅಂತರ್ಜಾಲ, ಬಟ್ಟೆ ಒಗೆಯುವ ಯಂತ್ರದ ಬಳಕೆ, ಊಟ, ಯಾವುದು ಸೇರಿದೆ, ಯಾವುದು ಸೇರಿಲ್ಲ ಎಂಬುದನ್ನೂ ಅದೇ ಸಲ ಬರೆಸಿಕೊಳ್ಳಿ.

ಇನ್ನು ಕಿಟಕಿಯ ಮಾತು. ಇದನ್ನು ನಾನು ತುಸು ವಿಸ್ತಾರವಾಗಿಯೇ ಹೇಳಬೇಕು, ಏಕೆಂದರೆ ನನ್ನಿಂದ ತಪ್ಪಾದದ್ದು ಇದರಲ್ಲಿಯೇ. ಅಲ್ಲಿನ ಕಿಟಕಿಯ ಹಿಡಿಯನ್ನು ಅಡ್ಡಕ್ಕೆ ತಿರುಗಿಸಿದರೆ ಕಿಟಕಿ ಪೂರ್ತಿ ತೆರೆಯುತ್ತದೆ, ಮೇಲಕ್ಕೆ ತಿರುಗಿಸಿದರೆ ಮೇಲ್ಭಾಗವಷ್ಟೇ ಒಳಕ್ಕೆ ಓರೆಯಾಗುತ್ತದೆ. ಮೊದಲ ಚಳಿಗಾಲದಲ್ಲಿ ನಾನು ಗಾಳಿಯೂ ಬರಲಿ, ಬೆಚ್ಚಗೂ ಇರಲಿ ಎಂದುಕೊಂಡು ದಿನವಿಡೀ ಕಿಟಕಿಯನ್ನು ಓರೆಯಾಗಿಟ್ಟು, ಕೆಳಗೆ ಹೀಟರ್ ಉರಿಸಿ, ಅದರ ಮೇಲೆ ಒದ್ದೆ ಟವೆಲ್ಲು ಹರವುತ್ತಿದ್ದೆ. ಜನವರಿಯಲ್ಲಿ ಒಂದು ದಿನ ಮನೆಯ ಯಜಮಾನಿ ನನ್ನ ಬಟ್ಟೆಯ ಬೀರುವನ್ನು ಮೆಲ್ಲಗೆ ಮುಂದಕ್ಕೆಳೆದು, ಮಾತಾಡದೆ ಹಿಂದಿನ ಗೋಡೆಯನ್ನು ತೋರಿಸಿದರು. ನೆಲದಿಂದ ಮೊಣಕಾಲೆತ್ತರದವರೆಗೆ ಎಳ್ಳು ಚೆಲ್ಲಿದಂತೆ ಕಪ್ಪು ಬೂಷ್ಟು ಹಬ್ಬಿತ್ತು. ನಾವು ಉಸಿರಾಡಿದ, ಸ್ನಾನ ಮಾಡಿದ, ಬಟ್ಟೆ ಒಣಗಿಸಿದ ತೇವವೆಲ್ಲ ಬಿಗಿಯಾಗಿ ಮುಚ್ಚಿದ ಕೋಣೆಯಿಂದ ಹೊರಹೋಗಲು ದಾರಿಯಿಲ್ಲದೆ, ತಣ್ಣೀರಿನ ಲೋಟದ ಹೊರಮೈಯಲ್ಲಿ ಹನಿ ಕಟ್ಟುವಂತೆ ತಣ್ಣನೆಯ ಗೋಡೆಯ ಮೇಲೆ ಕಟ್ಟುತ್ತದೆ. ಓರೆ ಕಿಟಕಿ ಆ ತೇವವನ್ನು ಬೇಗ ಹೊರಹಾಕದೆ, ಸುತ್ತಲಿನ ಗೋಡೆಯನ್ನು ಇನ್ನಷ್ಟು ತಣ್ಣಗಾಗಿಸುತ್ತದೆ.

ಆದ್ದರಿಂದ ಬೆಳಿಗ್ಗೆ ಎದ್ದೊಡನೆ ಒಮ್ಮೆ, ಸಂಜೆ ಒಮ್ಮೆ, ಸಾಧ್ಯವಾದರೆ ನಡುವೆ ಇನ್ನೊಮ್ಮೆ ಹೀಟರಿನ ತಿರುಪನ್ನು ತಗ್ಗಿಸಿ, ಐದರಿಂದ ಹತ್ತು ನಿಮಿಷ ಕಿಟಕಿಯನ್ನು ಪೂರ್ತಿ ತೆರೆದಿಟ್ಟು ಮುಚ್ಚಿಬಿಡಬೇಕು. ಹೊರಗೆ ಹಿಮ ಬೀಳುತ್ತಿದ್ದರೂ ಸರಿಯೇ. ಅಷ್ಟು ಹೊತ್ತಿನಲ್ಲಿ ಗಾಳಿ ಬದಲಾಗುತ್ತದೆ, ಗೋಡೆ ತಣ್ಣಗಾಗುವುದಿಲ್ಲ. ಹೀಟರಿನ ತಿರುಪಿನ ಮೇಲಿನ 3 ಎಂಬ ಅಂಕಿ ಸುಮಾರು 20 ಡಿಗ್ರಿಯನ್ನು ಸೂಚಿಸುತ್ತದೆ. 5ಕ್ಕೆ ತಿರುಗಿಸಿದರೆ ಕೋಣೆ ಬೇಗ ಬೆಚ್ಚಗಾಗುತ್ತದೆ ಎಂಬ ತಿಳಿವಳಿಕೆ ತಪ್ಪು. ಕೋಣೆ ಎಷ್ಟು ಬೆಚ್ಚಗಾದ ಮೇಲೆ ಹೀಟರ್ ನಿಲ್ಲಬೇಕು ಎಂಬುದನ್ನಷ್ಟೇ ಆ ಅಂಕಿ ಹೇಳುತ್ತದೆ. ಬೀರುವನ್ನು ಹೊರಗೋಡೆಗೆ ಒತ್ತಿ ಇಡದೆ ನಾಲ್ಕು ಬೆರಳಿನಷ್ಟಾದರೂ ಅಂತರ ಬಿಡಿ.

ಸ್ನಾನದ ಮನೆಯ ನೆಲದಲ್ಲಿ ನೀರು ಹೋಗುವ ಕಿಂಡಿ ಸಾಮಾನ್ಯವಾಗಿ ಇರುವುದಿಲ್ಲ. ಚೆಂಬಿನಿಂದ ನೀರು ಹೊಯ್ದುಕೊಂಡರೆ ಅದು ಕೆಳಮನೆಯ ಚಾವಣಿಗಿಳಿಯುತ್ತದೆ. ಸ್ನಾನವಾದ ಮೇಲೆ ಗಾಜಿನ ಮೇಲಿನ ನೀರನ್ನು ಅಲ್ಲಿಯೇ ತೂಗುಹಾಕಿರುವ ರಬ್ಬರಿನ ಪಟ್ಟಿಯಿಂದ ಇಳಿಸಿ ಬನ್ನಿ, ಇಲ್ಲವಾದರೆ ಗಡಸು ನೀರಿನ ಸುಣ್ಣ ಬಿಳಿಯಾಗಿ ಕೂರುತ್ತದೆ. ಅನೇಕ ಮನೆಗಳಲ್ಲಿ ಗಂಡಸರೂ ಕುಳಿತೇ ಮೂತ್ರ ಮಾಡಬೇಕೆಂದು ಅಪೇಕ್ಷಿಸುತ್ತಾರೆ. ಅದನ್ನು ಅವಮಾನವೆಂದು ತಿಳಿಯಬೇಡಿ. ತಲೆಗೆ ಕೊಬ್ಬರಿ ಎಣ್ಣೆ ಹಚ್ಚುವವರು ಅವರ ದಿಂಬಿನ ಮೇಲೆ ತಮ್ಮದೊಂದು ಹಳೆಯ ಹತ್ತಿಯ ಬಟ್ಟೆ ಹಾಸಿಕೊಳ್ಳಿ.

ಅಡುಗೆಮನೆಯಲ್ಲಿ ನಮ್ಮವರಿಂದ ಆಗುವ ತೊಂದರೆ ಎರಡು: ಅರಿಸಿನದ ಕಲೆ ಮತ್ತು ಒಗ್ಗರಣೆಯ ವಾಸನೆ. ಮರದ ಹಲಗೆಗೆ ಅರಿಸಿನ ತಾಗಿದರೆ ಉಜ್ಜುತ್ತ ಕೂರದೆ, ತೊಳೆದು ಬಿಸಿಲು ಬೀಳುವ ಕಿಟಕಿಯ ಬಳಿ ಇಡಿ. ಬಿಸಿಲಿಗೆ ಆ ಹಳದಿ ತಾನಾಗಿ ಮಾಸುತ್ತದೆ. ವಾಸನೆಯ ಸಂಗತಿ ಅಷ್ಟು ಸುಲಭವಲ್ಲ. ಹಜಾರದಲ್ಲಿ ತೂಗುಹಾಕಿದ ಉಣ್ಣೆಯ ಕೋಟುಗಳು ಇಂಗು, ಬೆಳ್ಳುಳ್ಳಿಯ ವಾಸನೆಯನ್ನು ಹೀರಿಕೊಂಡರೆ ಮನೆಯವರು ಅದನ್ನೇ ತೊಟ್ಟು ಹೊರಗೆ ಹೋಗಬೇಕಾಗುತ್ತದೆ. ಒಗ್ಗರಣೆಗೆ ಮೊದಲು ಅಡುಗೆಮನೆಯ ಬಾಗಿಲು ಹಾಕಿ, ಕಿಟಕಿ ತೆರೆದು, ಹೊಗೆ ಎಳೆಯುವ ಯಂತ್ರ ಹಚ್ಚಿ. ಇಂಗಿನ ಡಬ್ಬಿಯನ್ನು ಬಿಗಿ ಮುಚ್ಚಳದ ಗಾಜಿನ ಬಾಟಲಿಯೊಳಗಿಡಿ. ಮೆಣಸಿನಕಾಯಿ ಹುರಿಯುವ ಕೆಲಸವನ್ನೇ ಬಿಟ್ಟುಬಿಡಿ. ಅಲ್ಯೂಮಿನಿಯಮ್ ಪಾತ್ರೆಯನ್ನು ಪಾತ್ರೆ ತೊಳೆಯುವ ಯಂತ್ರಕ್ಕೆ ಹಾಕಿದರೆ ಕಪ್ಪಾಗುತ್ತದೆ. ಮಲಗುವ ಕೋಣೆಯ ಚಾವಣಿಯಲ್ಲಿರುವ ಬಿಳಿಯ ಬಿಲ್ಲೆ ಹೊಗೆ ಕಂಡರೆ ಕೂಗುವ ಯಂತ್ರ, ಆದ್ದರಿಂದ ಅದರ ಕೆಳಗೆ ಊದುಬತ್ತಿ ಹಚ್ಚಬಾರದು.

ಊಟದ ವಿಷಯದಲ್ಲಿ ನಮ್ಮ ಉಪಚಾರದ ಅಭ್ಯಾಸವೇ ಮಕ್ಕಳನ್ನು ಹಸಿವಿನಲ್ಲಿ ಇಡುತ್ತದೆ. ನಮ್ಮಲ್ಲಿ ಮೂರು ಸಲ ಬೇಡವೆಂದ ಮೇಲೆ ನಾಲ್ಕನೆಯ ಸಲ ಬಡಿಸಿಕೊಳ್ಳುತ್ತೇವೆ. ಅಲ್ಲಿ ಒಮ್ಮೆ ಕೇಳುತ್ತಾರೆ. ಬೇಡವೆಂದರೆ ನಿಮ್ಮ ಮಾತಿಗೆ ಗೌರವ ಕೊಟ್ಟು ಪಾತ್ರೆಯನ್ನು ಮುಂದಕ್ಕೆ ಸಾಗಿಸುತ್ತಾರೆ. ಬೇಕಿದ್ದರೆ ಬೇಕು ಎನ್ನಿ. ರಾತ್ರಿ ಬಿಸಿ ಅಡುಗೆಯ ಬದಲು ಬ್ರೆಡ್ಡು, ಚೀಸು, ತರಕಾರಿ ಇಟ್ಟುಕೊಂಡು ಉಣ್ಣುವುದು ಅಲ್ಲಿನ ಹಳೆಯ ರೂಢಿ, ನಿಮ್ಮನ್ನು ಕಡೆಗಣಿಸಿದ್ದಲ್ಲ. ಸಸ್ಯಾಹಾರಿಗಳು ಮಾಂಸ, ಮೀನು, ಮೊಟ್ಟೆ ಎಂದು ಒಂದೊಂದನ್ನೂ ಹೆಸರಿಸಿ, ಮೊದಲ ದಿನವೇ ಹೇಳಬೇಕು. ಊಟಕ್ಕೆ ಬರುವುದಿಲ್ಲವಾದರೆ ಮಧ್ಯಾಹ್ನದೊಳಗೆ ತಿಳಿಸಿ. ನಮ್ಮ ನೀನು, ನೀವುಗಳಂತೆ ಅವರಿಗೂ ಡು, ಝೀ ಎಂಬ ಎರಡು ಮಾತುಗಳಿವೆ. ಹಿರಿಯರು ತಾವಾಗಿ ಡು ಎನ್ನಲು ಹೇಳುವವರೆಗೆ ಝೀ ಎಂದೇ ಕರೆಯಿರಿ.

ರಾತ್ರಿ ಹತ್ತರ ಮೇಲೆ ಮತ್ತು ಭಾನುವಾರವಿಡೀ ಸದ್ದು ಮಾಡಬಾರದು. ಭಾನುವಾರ ಅಂಗಡಿಗಳೂ ಮುಚ್ಚಿರುತ್ತವೆ, ಬೇಕಾದುದನ್ನು ಶನಿವಾರವೇ ತಂದಿಡಿ. ಕಸವನ್ನು ಕಾಗದ, ಸಾಮಾನು ಸುತ್ತಿಬಂದ ಹೊದಿಕೆ, ಅಡುಗೆಯ ಹಸಿ ಕಸ, ಉಳಿದದ್ದು ಎಂದು ಬೇರೆಬೇರೆ ಹಾಕುತ್ತಾರೆ. ಕಸದ ಡಬ್ಬಿಗಳ ಬಣ್ಣ ಊರಿಂದೂರಿಗೆ ಬದಲಾಗುವುದರಿಂದ ಆ ಮನೆಯವರನ್ನೇ ಕೇಳಿ. 25 ಸೆಂಟಿನ ಠೇವಣಿ ಇರುವ ಪ್ಲಾಸ್ಟಿಕ್ ಬಾಟಲಿಯನ್ನು ಎಸೆಯದೆ ಅಂಗಡಿಗೆ ಮರಳಿಸಬೇಕು.

ಎರಡು ತಪ್ಪುಗಳಿಗೆ ದುಡ್ಡು ತೆರಬೇಕಾಗುತ್ತದೆ. ಮನೆಯವರ ವೈಫೈಯಲ್ಲಿ ಟೊರೆಂಟ್ ಎಂಬ ಕಡತ ಹಂಚಿಕೊಳ್ಳುವ ಜಾಲದಿಂದ ಹಕ್ಕುಸ್ವಾಮ್ಯವಿರುವ ಸಿನಿಮಾ ಇಳಿಸಿಕೊಂಡರೆ, ನೂರಾರು ಯೂರೋ ಕೇಳುವ ವಕೀಲರ ನೋಟೀಸು ನಿಮ್ಮ ಹೆಸರಿಗಲ್ಲ, ಸಂಪರ್ಕ ಪಡೆದ ಆ ಹಿರಿಯರ ಹೆಸರಿಗೆ ಬರುತ್ತದೆ. ಬಹುಮಹಡಿಯ ಕಟ್ಟಡದಲ್ಲಿ ಕೀಲಿಕೈ ಕಳೆದರೆ ಎಲ್ಲರ ಬೀಗವನ್ನೂ ಬದಲಾಯಿಸುವ ಖರ್ಚು ಮೈಮೇಲೆ ಬರಬಹುದು. ನಿಮ್ಮಿಂದ ಇತರರಿಗಾದ ನಷ್ಟವನ್ನು ತುಂಬಿಕೊಡುವ, ತಿಂಗಳಿಗೆ ಕೆಲವೇ ಯೂರೋಗಳಿಗೆ ಸಿಗುವ ಹೊಣೆಗಾರಿಕೆಯ ವಿಮೆಯನ್ನು ಮಾಡಿಸಿಕೊಳ್ಳಿ, ಅದರಲ್ಲಿ ಕೀಲಿಕೈಯೂ ಸೇರಿದೆಯೇ ಎಂದು ಓದಿ ನೋಡಿ.

ಒಂದೆರಡು ತಿಂಗಳಾದ ಮೇಲೆ ನೀವೇ ಒಮ್ಮೆ ಅಡುಗೆ ಮಾಡಿ ಬಡಿಸಿ. ಮೊದಲ ಸಲಕ್ಕೆ ನಿಂಬೆಹಣ್ಣಿನ ಚಿತ್ರಾನ್ನ, ಸೌತೆಕಾಯಿಯ ಮೊಸರುಬಜ್ಜಿ ಹಿತವಾಗಿರುತ್ತದೆ. ತಟ್ಟೆಯಲ್ಲಿ ಕಂಡದ್ದನ್ನೆಲ್ಲ ತಿನ್ನಬೇಕೆಂದು ತಿಳಿದು ನಾನಿದ್ದ ಮನೆಯ ಹಿರಿಯರು ಒಣಮೆಣಸಿನಕಾಯಿಯನ್ನು ಇಡಿಯಾಗಿ ಬಾಯಿಗಿಟ್ಟು ಕಣ್ಣೀರು ಸುರಿಸಿದ್ದರು. ಬಡಿಸುವ ಮೊದಲೇ ಒಗ್ಗರಣೆಯ ಮೆಣಸಿನಕಾಯಿಯನ್ನು ಆರಿಸಿ ತೆಗೆದುಬಿಡಿ.