ಜೆರುಸಲೇಮ್ ಸಂಧಾನದ ಸುದ್ದಿ ಓದುವುದು ಹೇಗೆ?

‘ಜೆರುಸಲೇಮ್ ಮಾತುಕತೆ ಮುರಿದುಬಿತ್ತು’ ಎಂಬ ತಲೆಬರಹ ಕಂಡರೆ ನಮ್ಮಲ್ಲಿ ಅನೇಕರು ಪುಟ ಮಗುಚಿಬಿಡುತ್ತೇವೆ. ಒಂದು ಬಿಳಿ ಹಾಳೆ, ಎರಡು ಬಣ್ಣದ ಪೆನ್ಸಿಲ್, ಒಂದು ಸ್ಕೇಲು ತೆಗೆದುಕೊಂಡು ಕೂತು ನೋಡಿ. ಗೋಜಲು ಅರ್ಧ ಬಿಡಿಸಿಕೊಳ್ಳುತ್ತದೆ.

ಮೊದಲು ಒಂದು ವೃತ್ತ ಬರೆಯಿರಿ. ಅದು 1947ರ ನವೆಂಬರ್ 29ರ ಜೆರುಸಲೇಮ್. ಪ್ಯಾಲೆಸ್ತೀನನ್ನು ಯಹೂದಿ, ಅರಬ್ ರಾಷ್ಟ್ರಗಳಾಗಿ ಒಡೆಯಲು ವಿಶ್ವಸಂಸ್ಥೆಯ ಮಹಾಸಭೆ ಅಂದು ಒಪ್ಪಿತು. ಆದರೆ ಬೆತ್ಲೆಹೆಮ್ ಸಹಿತ ಈ ನಗರವನ್ನು ಇಬ್ಬರಿಗೂ ಕೊಡದೆ ಅಂತರರಾಷ್ಟ್ರೀಯ ಆಡಳಿತದಲ್ಲಿ ಇಡಬೇಕೆಂದಿತು. ವಿಭಜನೆಯೇ ಬೇಡವೆಂದು ಭಾರತ ವಿರುದ್ಧ ಮತ ಹಾಕಿತ್ತು. ಯುದ್ಧ ಶುರುವಾಗಿ ಯೋಜನೆ ಕಾಗದದಲ್ಲೇ ಉಳಿಯಿತು.

ಈಗ ವೃತ್ತದ ನಡುವೆ ಗೆರೆ ಎಳೆಯಿರಿ. ಈ ಹಂತದಲ್ಲಿ ಅವಸರ ಬೇಡ. 1948ರ ನವೆಂಬರಿನಲ್ಲಿ ಇಸ್ರೇಲಿನ ಸೇನಾಧಿಕಾರಿ ಮೋಶೆ ದಯಾನ್, ಜೋರ್ಡಾನಿನ ಸೇನಾಧಿಕಾರಿ ಅಬ್ದುಲ್ಲಾ ಅಲ್-ತಲ್ ಇಬ್ಬರೂ ಒಂದೇ ನಕ್ಷೆಯ ಮೇಲೆ ಮೇಣದ ಪೆನ್ಸಿಲಿನಿಂದ ತಮ್ಮ ತಮ್ಮ ಕದನವಿರಾಮದ ಗೆರೆ ಎಳೆದರು: ಪಶ್ಚಿಮ ಭಾಗ ಇಸ್ರೇಲಿಗೆ, ಪೂರ್ವ ಭಾಗ ಜೋರ್ಡಾನಿಗೆ. ನಕ್ಷೆಯ ಪ್ರಮಾಣ ಇಪ್ಪತ್ತು ಸಾವಿರಕ್ಕೆ ಒಂದು. ಸ್ಕೇಲ್ ಇಟ್ಟು ಅಳೆಯಿರಿ: ಗೆರೆ ಮೂರು ಮಿಲಿಮೀಟರ್ ದಪ್ಪವಿದ್ದರೆ ನೆಲದ ಮೇಲೆ ಅದು ಅರವತ್ತು ಮೀಟರ್. ಅಷ್ಟಗಲದಲ್ಲಿ ಒಂದು ಬೀದಿಯೇ ಹಿಡಿಸುತ್ತದೆ. ಗೆರೆಯ ಆಚೆಗಾಗಲಿ ಈಚೆಗಾಗಲಿ ಸೇರದೆ ಗೆರೆಯ ಒಳಗೇ ಸಿಕ್ಕಿಕೊಂಡ ಮನೆಗಳು ಯಾರಿಗೆ ಸೇರಿದವು ಎಂದು ಆಮೇಲೆ ವರ್ಷಗಟ್ಟಲೆ ಜಗಳ ನಡೆಯಿತು. ನನಗಂತೂ ಯಾವ ನಿರ್ಣಯ ಓದಿದರೂ ಮೊದಲು ಆ ಮನೆಗಳೇ ಕಣ್ಣಿಗೆ ಬರುತ್ತವೆ.

ಮುಂದಿನ ಹೆಜ್ಜೆ ಚಿಕ್ಕದು. 1967ರ ಜೂನ್ ಯುದ್ಧದಲ್ಲಿ ಇಸ್ರೇಲ್ ಪೂರ್ವಭಾಗವನ್ನೂ ಹಿಡಿಯಿತು. 1980ರಲ್ಲಿ ಇಡೀ ನಗರ ತನ್ನ ರಾಜಧಾನಿ ಎಂದು ಕಾನೂನು ಮಾಡಿತು. ಆ ಕಾನೂನು ಅಸಿಂಧು ಎಂದು ಭದ್ರತಾ ಮಂಡಳಿ ಹೇಳಿತು. ಪೂರ್ವ ಜೆರುಸಲೇಮ್ ತಮ್ಮ ರಾಜಧಾನಿ ಎಂಬುದು ಪ್ಯಾಲೆಸ್ತೀನಿಯರ ಪಟ್ಟು. 2017ರಲ್ಲಿ ಅಮೆರಿಕ ಇಸ್ರೇಲಿನ ಮಾತಿಗೆ ಮನ್ನಣೆ ಕೊಟ್ಟಾಗ, ಮಹಾಸಭೆ ಅದನ್ನು 128–9 ಮತಗಳಿಂದ ತಿರಸ್ಕರಿಸಿತು. ಆ 128ರಲ್ಲಿ ಭಾರತವೂ ಇತ್ತು.

ಇನ್ನು ಹಳೆಯ ಪಟ್ಟಣದ ಮೇಲೆ ಬೆರಳಿಡಿ. ಒಂದು ಚದರ ಕಿಲೋಮೀಟರ್ ಕೂಡ ಇಲ್ಲ. ಅಲ್-ಅಕ್ಸಾ ಮಸೀದಿ ಇರುವ ದಿಬ್ಬ, ಅದರ ಬದಿಗೆ ಯಹೂದಿಗಳು ಪ್ರಾರ್ಥಿಸುವ ಪಶ್ಚಿಮ ಗೋಡೆ, ಯೇಸುವಿನ ಸಮಾಧಿಯ ಇಗರ್ಜಿ ಎಲ್ಲವೂ ಅಷ್ಟರಲ್ಲೇ. 2000ದ ಜುಲೈನಲ್ಲಿ ಅಮೆರಿಕದ ಕ್ಯಾಂಪ್ ಡೇವಿಡ್‌ನಲ್ಲಿ ಇಸ್ರೇಲಿನ ಪ್ರಧಾನಿ ಎಹುದ್ ಬರಾಕ್, ಪ್ಯಾಲೆಸ್ತೀನಿನ ನಾಯಕ ಯಾಸರ್ ಅರಾಫತ್ ನಡುವಿನ ಮಾತುಕತೆ ಬಹುಮಟ್ಟಿಗೆ ಎಡವಿದ್ದು ಇಲ್ಲೇ. ದಿಬ್ಬ ಪ್ಯಾಲೆಸ್ತೀನಿಗೆ, ಗೋಡೆ ಇಸ್ರೇಲಿಗೆ ಎಂಬ ಸೂತ್ರವನ್ನು ಅಮೆರಿಕದ ಅಧ್ಯಕ್ಷ ಕ್ಲಿಂಟನ್ ಆ ಡಿಸೆಂಬರಿನಲ್ಲಿ ಮುಂದಿಟ್ಟರು, ಅದೂ ಕೈಗೂಡಲಿಲ್ಲ.

ಕೊನೆಗೆ ಪದಗಳನ್ನು ಬೇರೆ ಬೇರೆ ಮಾಡಿ ಓದಿ. ‘ಸಾರ್ವಭೌಮತ್ವ’ ಎಂದರೆ ನೆಲದ ಒಡೆತನ. ‘ಉಸ್ತುವಾರಿ’ ಬೇರೆ: ಮುಸ್ಲಿಂ ಪುಣ್ಯಸ್ಥಳಗಳಲ್ಲಿ ಜೋರ್ಡಾನಿನ ವಿಶೇಷ ಪಾತ್ರವನ್ನು 1994ರ ಒಪ್ಪಂದದಲ್ಲಿ ಇಸ್ರೇಲೇ ಮಾನ್ಯ ಮಾಡಿದೆ. ‘ಯಥಾಸ್ಥಿತಿ’ ಎಂದು ಕಂಡರೆ ಸಮಾಧಿ ಇಗರ್ಜಿಯ ಬಾಗಿಲ ಮೇಲಿನ ಕಿಟಕಿಗೆ ಒರಗಿಸಿಟ್ಟ ಮರದ ಪುಟ್ಟ ಏಣಿಯನ್ನು ನೆನೆಯಿರಿ. ಹದಿನೆಂಟನೇ ಶತಮಾನದ ಚಿತ್ರದಲ್ಲೂ ಅದು ಇದೆ. ಆ ಇಗರ್ಜಿಯನ್ನು ಹಂಚಿಕೊಂಡಿರುವ ಕ್ರೈಸ್ತ ಪಂಗಡಗಳಲ್ಲಿ ಉಳಿದವರು ಒಪ್ಪದೆ ಅದನ್ನು ಯಾರೂ ತೆಗೆಯುವಂತಿಲ್ಲ.

ಹೊಸ ಪ್ರಸ್ತಾಪ ಬಂದಾಗ ಇನ್ನೊಂದನ್ನು ಹುಡುಕಿ: ಅಲ್ಲಿ ಬದುಕುವವರ ಬಗ್ಗೆ ಅದರಲ್ಲಿ ಏನಿದೆ? ಪೂರ್ವ ಜೆರುಸಲೇಮಿನ ಹೆಚ್ಚಿನ ಪ್ಯಾಲೆಸ್ತೀನಿಯರಿಗೆ ಇಸ್ರೇಲಿನ ಪೌರತ್ವವಿಲ್ಲ, ವಾಸದ ಪರವಾನಗಿ ಮಾತ್ರ ಇದೆ. ಆ ಪರವಾನಗಿ ರದ್ದಾಗಲೂಬಹುದು.