ಎರಡು ಸುಳಿಯ ತಲೆಗೆ ಸರಿಯಾದ ಕತ್ತರಿ

ನನ್ನ ತಲೆಯಲ್ಲಿ ಎರಡು ಸುಳಿ. ಎರಡು ಮದುವೆ ಗ್ಯಾರಂಟಿ ಅಂತ ಅಜ್ಜಿ ಹೇಳುತ್ತಿದ್ದರು. ಮದುವೆ ಒಂದೇ ಆಯಿತು. ಕಟಿಂಗ್ ಮಾತ್ರ ಎಷ್ಟೋ ಸಲ ಎರಡೆರಡು ಆಗಿದೆ. ಒಂದು ಕಡೆ ಕೆಡಿಸಿಕೊಂಡು, ಇನ್ನೊಂದು ಕಡೆ ಸರಿ ಮಾಡಿಸಿಕೊಂಡು.

ತಂಗಿಯ ಮದುವೆಗೆ ಎರಡು ದಿನ ಇದೆ ಅನ್ನುವಾಗ ಒಂದು ಎಸಿ ಸಲೂನ್‌ಗೆ ಹೋದೆ. ಕೂತ ತಕ್ಷಣ ನೀರು ಸ್ಪ್ರೇ ಮಾಡಿ ಕತ್ತರಿ ಆಡಿಸಿದರು. ಕನ್ನಡಿಯಲ್ಲಿ ಚೆನ್ನಾಗೇ ಇತ್ತು. ಮನೆಗೆ ಬಂದು ತಲೆ ಒಣಗಿದ ಮೇಲೆ ನೋಡಿದರೆ ಹಿಂದೆ ಗರಿಕೆ ಹುಲ್ಲಿನ ಹಾಗೆ ಎದ್ದು ನಿಂತಿತ್ತು. ಫೋಟೋಗಳಲ್ಲಿ ಇವತ್ತಿಗೂ ಇದೆ.

ಆಮೇಲೆ ಅಂಗಡಿ ಹುಡುಕುವುದು ಬಿಟ್ಟು ತಲೆ ಹುಡುಕಲು ಶುರು ಮಾಡಿದೆ. ಮೆಟ್ರೋದಲ್ಲಿ ಮುಂದೆ ನಿಂತವರ ನೆತ್ತಿ ನೋಡುವುದು ಸ್ವಲ್ಪ ವಿಚಿತ್ರವೇ, ಅಲ್ವಾ? ಕೊನೆಗೆ ಆಫೀಸಿನಲ್ಲೇ ನನ್ನಂಥ ಎರಡು ಸುಳಿಯವರು ಸಿಕ್ಕರು. ಕೂದಲು ತೆಪ್ಪಗೆ ಮಲಗಿತ್ತು. ಹನುಮಂತನಗರದ ಒಂದು ಮೂರು ಕುರ್ಚಿಯ ಅಂಗಡಿ ಹೇಳಿದರು. ಮಂಗಳವಾರ ಹೋಗಿ ಮುಚ್ಚಿದ ಶಟರ್ ನೋಡಿ ವಾಪಸ್ ಬಂದೆ. ಬೆಂಗಳೂರಲ್ಲೇ ಹುಟ್ಟಿದವನಿಗೆ ಇದು ಮರೆತರೆ ಹೇಗೆ!

ಗುರುವಾರ ಬೆಳಿಗ್ಗೆ ಹೋದಾಗ ಜನ ಇರಲಿಲ್ಲ. ಆ ಅಣ್ಣ ನೀರಿನ ಬಾಟಲಿ ಮುಟ್ಟಲೇ ಇಲ್ಲ. ಒಣ ತಲೆಯಲ್ಲೇ ಬೆರಳಾಡಿಸಿ, ಕೂದಲು ಯಾವ ಕಡೆ ತಿರುಗುತ್ತೆ ಅಂತ ನೋಡಿದರು. "ಹೆಲ್ಮೆಟ್ ಹಾಕ್ತೀರಾ ಸರ್? ಎಣ್ಣೆ ಹಚ್ತೀರಾ? ಲಾಸ್ಟ್ ಯಾವಾಗ ಮಾಡಿಸಿದ್ರಿ?" ಅಂತ ಕೇಳಿದರು. ಅಲ್ಲಿಯವರೆಗೆ ಯಾರೂ ಕೇಳಿರಲಿಲ್ಲ.

"ಒದ್ದೆ ಕೂದಲು ಸುಳ್ಳು ಹೇಳುತ್ತೆ ಸರ್" ಅಂದರು. ನೀರಿನ ಭಾರಕ್ಕೆ ಮಲಗಿರುತ್ತೆ, ಉದ್ದ ಕಾಣುತ್ತೆ. ಸುಳಿ ಹತ್ತಿರ ಜಾಸ್ತಿ ಕತ್ತರಿಸಿದರೆ ಮಲಗುವಷ್ಟು ತೂಕವೇ ಉಳಿಯುವುದಿಲ್ಲ. ಅದಕ್ಕೇ ನೆತ್ತಿಯಲ್ಲಿ ಒಂದೂವರೆ ಇಂಚು ಬಿಟ್ಟು, ಬರೀ ಕತ್ತರಿ. ಸೈಡಿಗೆ ಮಾತ್ರ ಮಷೀನ್, ಅದಕ್ಕೆ ಸಿಕ್ಕಿಸುವ ಬಾಚಣಿಗೆ ಮೂರನೇ ನಂಬರ್.

ನಾನು ಮೊದಲು ಎಲ್ಲ ಕಡೆ "ಮೀಡಿಯಂ ಮಾಡಿ" ಅನ್ನುತ್ತಿದ್ದೆ. ಒಬ್ಬೊಬ್ಬರ ಮೀಡಿಯಂ ಒಂದೊಂದು. ನಂಬರ್ ಹೇಳಿದರೆ ತಕರಾರಿಲ್ಲ: ಒಂದು ಅಂದರೆ ಉಳಿಯುವ ಕೂದಲು 3 ಮಿಲಿಮೀಟರ್, ಎರಡು 6, ಮೂರು ಸುಮಾರು 10. ಹೀರೋ ಫೋಟೋ ತೋರಿಸುವುದನ್ನೂ ಬಿಟ್ಟೆ. ಆ ಕೂದಲು ನನ್ನದಲ್ಲವಲ್ಲ. ಕಟಿಂಗ್ ಚೆನ್ನಾಗಿ ಕೂತ ದಿನ ನನ್ನದೇ ತಲೆಯನ್ನು ಹಿಂದಿನಿಂದ ಹೆಂಡತಿ ಹತ್ತಿರ ಫೋಟೋ ತೆಗೆಸಿ ಇಟ್ಟುಕೊಂಡಿದ್ದೇನೆ.

ಕೂದಲು ತಿಂಗಳಿಗೆ ಸುಮಾರು 1 ಸೆಂಟಿಮೀಟರ್ ಬೆಳೆಯುತ್ತೆ. ಹಾಗಾಗಿ ಐದು ವಾರಕ್ಕೊಮ್ಮೆ ಹೋಗುತ್ತೇನೆ, ಮದುವೆ ಮುಂಜಿ ಇದ್ದರೆ ಹತ್ತು ದಿನ ಮೊದಲೇ.

ಕಳೆದ ವರ್ಷ ಆ ಅಣ್ಣ ಬನಶಂಕರಿ ಕಡೆ ಬೇರೆ ಅಂಗಡಿ ಸೇರಿದರು. ನಾನೂ ಅಲ್ಲಿಗೇ ಹೋಗುತ್ತೇನೆ. ಮೊದಲು ಫೋನ್ ಮಾಡಿ ಕೇಳುತ್ತೇನೆ. ಊರಿಗೆ ಹೋಗಿದ್ದರೆ ಸುಮ್ನೆ ಟೋಪಿ ಹಾಕಿಕೊಂಡು ಕಾಯುತ್ತೇನೆ.