ದ್ರಾಕ್ಷಿ ತೋಟದ ಫ್ರಾಸ್ಟ್ ಅಪಾಯ: ಲೆಕ್ಕ ಹಾಕುವುದು ಹೇಗೆ?

ವಿಜಯಪುರದ ದ್ರಾಕ್ಷಿಗೆ ಫ್ರಾಸ್ಟ್ (ರಾತ್ರಿಯ ಚಳಿಗೆ ಹಿಮಗಟ್ಟುವುದು) ಕಾಟವಿಲ್ಲ. ಆದರೂ ನಮ್ಮ ಸಂಖ್ಯಾಶಾಸ್ತ್ರದ ವಿದ್ಯಾರ್ಥಿಗಳು ಫ್ರಾನ್ಸಿನ ಶಾಬ್ಲಿ ತೋಟಗಳನ್ನು ಪ್ರಾಜೆಕ್ಟಿಗೆ ಆರಿಸಿಕೊಳ್ಳುತ್ತಾರೆ. ಬಹುತೇಕರು ಉಷ್ಣಾಂಶ ಸೊನ್ನೆಗಿಂತ ಕೆಳಗಿಳಿದ ರಾತ್ರಿಗಳನ್ನು ಎಣಿಸಿ, ಅದನ್ನೇ ಅಪಾಯ ಎಂದು ಬರೆದು ಮುಗಿಸುತ್ತಾರೆ. ಜನವರಿಯಲ್ಲಿ ಮೈನಸ್ 8 ಡಿಗ್ರಿಯಾದರೂ ಸುಪ್ತ ಬಳ್ಳಿ ಜಗ್ಗುವುದಿಲ್ಲ. ಏಪ್ರಿಲ್‌ನ ಎಳೆ ಚಿಗುರು ಸುಡಲು ಮೈನಸ್ 2ರ ಆಸುಪಾಸು ಸಾಕು. 2021ರಲ್ಲಿ ಆದದ್ದು ಇದೇ. ಮಾರ್ಚ್ ಕೊನೆಯ ಬಿಸಿಲಿಗೆ ಬಳ್ಳಿಗಳು ಬೇಗ ಚಿಗುರಿದವು, ಏಪ್ರಿಲ್ ಮೊದಲ ವಾರದ ಚಳಿ ಅವನ್ನು ಸುಟ್ಟಿತು.

ಮೊದಲ ಹಂತ: ಕನಿಷ್ಠ 30 ವರ್ಷಗಳ ದೈನಿಕ ಗರಿಷ್ಠ, ಕನಿಷ್ಠ ಉಷ್ಣಾಂಶ ಇಳಿಸಿಕೊಳ್ಳಿ. ಫ್ರಾನ್ಸಿನ ಹವಾಮಾನ ಸಂಸ್ಥೆ 2024ರಿಂದ ಇದನ್ನು ಉಚಿತವಾಗಿ ಕೊಡುತ್ತಿದೆ.

ಎರಡನೆಯದು ಕಣ್ಣು ಒಡೆಯುವ, ಅಂದರೆ ಬಳ್ಳಿಯ ಮೊಗ್ಗು ಬಿರಿದು ಚಿಗುರು ಹೊರಬರುವ ದಿನಾಂಕ. ಎಡವುವುದು ಇಲ್ಲೇ. ಜನವರಿ 1ರಿಂದ ಪ್ರತಿದಿನದ ಸರಾಸರಿ ಉಷ್ಣಾಂಶ ಒಂದು ಮೂಲಮಟ್ಟಕ್ಕಿಂತ ಎಷ್ಟು ಹೆಚ್ಚಿದೆ ಎಂಬುದನ್ನು ಕೂಡಿಸುತ್ತ ಹೋಗಿ. ಮೊತ್ತ ಒಂದು ಮಿತಿ ಮುಟ್ಟಿದ ದಿನ ಕಣ್ಣು ಒಡೆಯಿತು ಎಂದು ಹಿಡಿಯಿರಿ. ಪಠ್ಯಗಳಲ್ಲಿ ಮೂಲಮಟ್ಟ 10 ಡಿಗ್ರಿ ಎಂದಿರುತ್ತದೆ. ನನ್ನ ಮಾತು ಕೇಳುವುದಾದರೆ 5 ಇಡಿ. ಮಾರ್ಚಿನ ತಂಪಿನಲ್ಲೂ ಕಣ್ಣು ಉಬ್ಬುತ್ತಲೇ ಇರುತ್ತದೆ, 10 ಇಟ್ಟರೆ ಆ ದಿನಗಳೆಲ್ಲ ಸೊನ್ನೆಯಾಗುತ್ತವೆ. ಮಿತಿಯನ್ನು ಬೇರೆಯವರ ಪ್ರಬಂಧದಿಂದ ಎತ್ತಬೇಡಿ, ಶಾಬ್ಲಿಯ ದ್ರಾಕ್ಷಿ ತಳಿ ಶಾರ್ಡೊನೆಗೆ ಹೊಂದಿದ್ದು ತಡವಾಗಿ ಚಿಗುರುವ ತಳಿಗೆ ಹೊಂದದು. ತೋಟದಲ್ಲಿ ನಿಜವಾಗಿ ದಾಖಲಾದ ದಿನಾಂಕಗಳಿಗೆ ಹೊಂದಿಸಿ.

ಹೀಗೆ ಸಿಕ್ಕ ದಿನಾಂಕವೂ ಕೆಲವು ದಿನ ಆಚೀಚೆ ಇರುತ್ತದೆ. ಆ ದೋಷದ ಹರವನ್ನು ಬಳಸಿ ಪ್ರತಿವರ್ಷಕ್ಕೂ ಸಾವಿರ ದಿನಾಂಕಗಳನ್ನು ಸೃಷ್ಟಿಸಿ, ಪ್ರತಿಯೊಂದರ ನಂತರ ಚಿಗುರು ಸುಡುವ ರಾತ್ರಿ ಬಂದಿತೇ ಎಂದು ನೋಡಿ. ಸಾವಿರದಲ್ಲಿ ಎಷ್ಟಕ್ಕೆ ಬಂದಿತೋ ಅದೇ ಆ ವರ್ಷದ ಅಪಾಯ. ಸರಾಸರಿ ಚಿಗುರುವ ದಿನ, ಸರಾಸರಿ ಕೊನೆಯ ಫ್ರಾಸ್ಟ್ ದಿನ ಎಂದು ಬೇರೆ ಬೇರೆ ಲೆಕ್ಕ ಹಾಕಿ ಕಳೆಯುವುದು ಮಾತ್ರ ಬೇಡವೇ ಬೇಡ. ಎರಡೂ ಒಂದೇ ವಸಂತದ ಹವೆಗೆ ಸಿಕ್ಕಿರುತ್ತವೆ. 2021ರಂಥ ವರ್ಷ ಆ ಸರಾಸರಿಯಲ್ಲಿ ಮಾಯವಾಗುತ್ತದೆ.

ಮೂರನೆಯದು, ಕೇಂದ್ರದ ಅಳತೆಯನ್ನು ಬಳ್ಳಿಗೆ ಇಳಿಸುವುದು. ಹವಾಮಾನ ಕೇಂದ್ರದ ಮಾಪಕ ಸುಮಾರು ಎರಡು ಮೀಟರ್ ಎತ್ತರದಲ್ಲಿ, ಪೆಟ್ಟಿಗೆಯೊಳಗೆ ಇರುತ್ತದೆ. ಮೋಡವಿಲ್ಲದ, ಗಾಳಿಯಾಡದ ರಾತ್ರಿ ತಗ್ಗಿನ ಬಳ್ಳಿಯ ಬಳಿ ಅದಕ್ಕಿಂತ ಎರಡು ಡಿಗ್ರಿ ಕಡಿಮೆಯಿದ್ದರೂ ಅಚ್ಚರಿಯಿಲ್ಲ. ತೋಟದಲ್ಲೇ ಮಾಪಕ ಇಟ್ಟು, ಈ ವ್ಯತ್ಯಾಸವನ್ನು ಗಾಳಿ ಮತ್ತು ಮೋಡದ ಮೇಲೆ ರಿಗ್ರೆಷನ್ ಮಾಡಿ, ಅಂದರೆ ಅವು ಬದಲಾದಂತೆ ಇದು ಎಷ್ಟು ಬದಲಾಗುತ್ತದೆ ಎಂಬ ಸೂತ್ರ ಕಂಡುಕೊಳ್ಳಿ. ಅಗ್ಗದ ಬರಿಮೈ ಸೆನ್ಸರ್‌ಗಳಿಗೆ ದುಡ್ಡು ಹಾಕಬೇಡಿ. ಅವು ಹಗಲಲ್ಲಿ ಬಿಸಿಲು ಕುಡಿದು ಹೆಚ್ಚು ತೋರಿಸುತ್ತವೆ, ರಾತ್ರಿ ಗಾಳಿಗಿಂತಲೂ ತಣ್ಣಗಾಗಿ ಕಡಿಮೆ ತೋರಿಸುತ್ತವೆ.

ಮರುದಿನದ ಮುನ್ಸೂಚನೆಯೂ ಬೇಕಿದ್ದರೆ ಸಂಜೆಯ ಇಬ್ಬನಿ ಬಿಂದು (ಗಾಳಿಯ ತೇವ ಇಬ್ಬನಿಯಾಗತೊಡಗುವ ಉಷ್ಣಾಂಶ), ಗಾಳಿ, ಮೋಡ ಕೊಟ್ಟು, ಫ್ರಾಸ್ಟ್ ಬೀಳುವ ಸಂಭವನೀಯತೆ ಹೇಳುವ ಲಾಜಿಸ್ಟಿಕ್ ರಿಗ್ರೆಷನ್ ಓಡಿಸಿ. ಅದು ಎರಡು ಸಾಲಿನ ಕೆಲಸ.

ಈ ಲೆಕ್ಕವನ್ನು ಪರೀಕ್ಷಿಸುವಾಗ ದಿನಗಳನ್ನು ಕಲೆಸಿ, ಕಲಿಕೆಗೆ, ಪರೀಕ್ಷೆಗೆ ಎಂದು ಎರಡು ಪಾಲು ಮಾಡಬೇಡಿ. ಒಂದೇ ಶೀತ ಅಲೆಯ ಸೋಮವಾರ ಕಲಿಕೆಗೂ ಮಂಗಳವಾರ ಪರೀಕ್ಷೆಗೂ ಹೋದರೆ, ಪ್ರಶ್ನೆಪತ್ರಿಕೆ ಸೋರಿದಂತೆ. ಪ್ರತಿಬಾರಿ ಒಂದು ಇಡೀ ವರ್ಷವನ್ನು ಹೊರಗಿಡಿ. ‘ಶೇ 95 ನಿಖರತೆ’ ಎಂದು ಬೀಗುವ ಆ್ಯಪ್‌ಗಳನ್ನೂ ನಂಬಬೇಡಿ: ನೂರರಲ್ಲಿ ಐದೇ ರಾತ್ರಿ ಫ್ರಾಸ್ಟ್ ಬೀಳುವ ಕಡೆ, ಪ್ರತಿದಿನ ‘ಬೀಳುವುದಿಲ್ಲ’ ಎಂದರೂ ಅಷ್ಟೇ ಅಂಕ ಸಿಗುತ್ತದೆ. ಬ್ರಯರ್ ಸ್ಕೋರ್ ಕೇಳಿ: ಹೇಳಿದ ಸಂಭವನೀಯತೆಗೂ ನಿಜವಾಗಿ ಆದದ್ದಕ್ಕೂ ಇರುವ ಅಂತರದ ವರ್ಗಗಳ ಸರಾಸರಿ ಅದು, ಕಡಿಮೆಯಿದ್ದಷ್ಟೂ ಒಳ್ಳೆಯದು.

ಕೊನೆಗೆ ತೀರ್ಮಾನ. ಶಾಬ್ಲಿಯಲ್ಲಿ ತೋಟ ಬೆಚ್ಚಗಿಡಲು ಹೆಕ್ಟೇರಿಗೆ ನೂರಾರು ಮೇಣದ ಡಬ್ಬಿಗಳನ್ನು ಉರಿಸುತ್ತಾರೆ. ಉರಿಸುವ ಖರ್ಚನ್ನು ಅದರಿಂದ ಉಳಿಯುವ ಬೆಳೆಯ ಬೆಲೆಯಿಂದ ಭಾಗಿಸಿ. ಫ್ರಾಸ್ಟ್ ಸಂಭವನೀಯತೆ ಆ ಸಂಖ್ಯೆ ದಾಟಿದರೆ ಬೆಂಕಿ ಹಚ್ಚಿ. ಖರ್ಚು ಹತ್ತರಲ್ಲಿ ಒಂದು ಪಾಲಾದರೆ ಶೇ 10ಕ್ಕೇ ಎದ್ದೇಳಬೇಕು, ಶೇ 50ಕ್ಕೆ ಕಾಯಬಾರದು. ಭಾಗಿಸುವುದು ಉಳಿಸಬಹುದಾದ ಬೆಳೆಯಿಂದ, ಇಡೀ ಬೆಳೆಯಿಂದಲ್ಲ. ಗಾಳಿ ಬೀಸುವ ಶೀತದ ರಾತ್ರಿಯಲ್ಲಿ ಮೇಣದ ಬಿಸಿ ತೋಟದಲ್ಲಿ ನಿಲ್ಲುವುದಿಲ್ಲವಾದ್ದರಿಂದ, ಅಂಥ ರಾತ್ರಿಗಳಿಗೆ ಮಿತಿಯನ್ನು ಬೇರೆಯಾಗಿಯೇ ಲೆಕ್ಕ ಹಾಕಿ.